ಗೋಲಿಯ ಸೀಟಿನಲ್ಲಿ ಕೂತವನು

“ನಗುನಗುತ್ತಲೇ ಬದುಕಿದಳು, ನಗುನಗುತ್ತಲೇ ಹೊರಟುಹೋದಳು.”

ಮೈಕು ಕೀರಲು ದನಿ ತೆಗೆಯಿತು. ವೇದಿಕೆಯ ಮೇಲಿದ್ದ ಹೆಡ್‌ಮಾಸ್ಟರ್ ಅದನ್ನು ಬೆರಳಿನಿಂದ ತಟ್ಟಿ ಸುಮ್ಮನಾಗಿಸಿ, ಕರ್ಚೀಫಿನಿಂದ ಕಣ್ಣಂಚು ಒರೆಸಿಕೊಂಡ.

ಇನ್ಸ್‌ಪೆಕ್ಟರ್ ಕೂತಲ್ಲೇ ಹಲ್ಲು ಕಡಿದಳು. ನಗುನಗುತ್ತಾ ಹೋದಳಂತೆ! ತನ್ನದೇ ಕಾರಿಗೂ ಕಲ್ಲಿನ ಗೋಡೆಗೂ ನಡುವೆ ಸಿಕ್ಕಿ ಪಕ್ಕೆಲುಬು ಪುಡಿಯಾದವಳು ನಗುತ್ತಾ ಹೋದಳಂತೆ. ಮಾರ್ಚುರಿಯಲ್ಲಿ ಆ ಮುಖ ನೋಡಿದ್ದವಳು ಇವಳು. ನಗುವಿನ ಗುರುತೂ ಇರಲಿಲ್ಲ ಅಲ್ಲಿ.

ಸತ್ತವಳು ಗೋಲಿ. ಕುಳ್ಳಗೆ, ಗುಂಡಗೆ, ಒಂದು ಕಡೆ ನಿಲ್ಲದೆ ಉರುಳಾಡುತ್ತಿದ್ದ ಹುಡುಗಿಗೆ ಇದೇ ಹೈಸ್ಕೂಲಿನಲ್ಲಿ ಅಂಟಿದ ಹೆಸರು ಕೊನೆಯವರೆಗೂ ಬಿಡಲಿಲ್ಲ. ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಳು. ಒಂದು ಬೆಳಿಗ್ಗೆ ಇಳಿಜಾರಿನ ರಸ್ತೆಯಲ್ಲಿ ನಿಲ್ಲಿಸಿದ್ದ ಅವಳ ಕಾರು ಉರುಳಿ ಬಂದು ಅವಳನ್ನೇ ಗೋಡೆಗೆ ಅಪ್ಪಳಿಸಿತ್ತು. ರಜೆಯಲ್ಲಿದ್ದ ಇನ್ಸ್‌ಪೆಕ್ಟರ್ ಸುದ್ದಿ ಕೇಳಿ ಓಡಿಬರುವಷ್ಟರಲ್ಲಿ ಸ್ಟೇಷನ್ನಿನವರು ‘ಹ್ಯಾಂಡ್‌ಬ್ರೇಕ್ ಹಾಕಲು ಮರೆತಿದ್ದಾರೆ, ಆಕಸ್ಮಿಕ’ ಎಂದು ಬರೆದು ಕೈ ತೊಳೆದುಕೊಂಡಿದ್ದರು.

“ಪಾಪ, ಯಾವಾಗಲೂ ಆತುರ ಕಣೇ ಅವಳಿಗೆ,” ಪಕ್ಕದ ಕುರ್ಚಿಯಲ್ಲಿದ್ದ ಹಳೇ ಸಹಪಾಠಿ ಪಿಸುಗುಟ್ಟಿದಳು. ಈಗ ಬಟ್ಟೆ ಅಂಗಡಿ ಇಟ್ಟಿರುವವಳು. “ಹ್ಯಾಂಡ್‌ಬ್ರೇಕ್ ಮರೀತಾರಾ ಯಾರಾದ್ರೂ?”

“ನೀನು ಕಾರು ಕಲಿತಿದ್ದು ಯಾರ ಹತ್ರ?” ಇನ್ಸ್‌ಪೆಕ್ಟರ್ ದನಿ ತಗ್ಗಿಸಲಿಲ್ಲ.

“ಅವಳ ಹತ್ರಾನೇ.”

“ಹ್ಯಾಂಡ್‌ಬ್ರೇಕ್ ಹಾಕದೆ ಇಳಿದಿದ್ದೆಯಾ ಯಾವತ್ತಾದ್ರೂ?”

“ಅಯ್ಯೋ, ಸ್ಕೇಲಿನಲ್ಲಿ ಕೈಗೆ ಹೊಡೀತಿದ್ದಳು! ಇಷ್ಟು ವಯಸ್ಸಾಗಿರೋ ನನಗೇ…”

ಮಾತು ಅರ್ಧಕ್ಕೇ ನಿಂತಿತು. ತಾನು ಏನು ಹೇಳಿದೆ ಅನ್ನುವುದು ತಾನೇ ಕೇಳಿಸಿಕೊಂಡವಳಂತೆ ಬಟ್ಟೆ ಅಂಗಡಿಯವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಇನ್ಸ್‌ಪೆಕ್ಟರ್ ಮುಖ ತಿರುಗಿಸಿದಳು. ಇದೇ ಹಾಲಿನ ಹೊರಗಿನ ಮೈದಾನದಲ್ಲಿ ಗೋಲಿ ಅವಳಿಗೆ ಸೈಕಲ್ ಕಲಿಸಿದ್ದಳು. ಕ್ಯಾರಿಯರ್ ಹಿಡಿದುಕೊಂಡು, ಆ ಪುಟ್ಟ ಕಾಲಿನಲ್ಲಿ ಏದುಸಿರು ಬಿಡುತ್ತಾ ಹಿಂದೆ ಹಿಂದೆ ಓಡಿ, “ಚಕ್ರ ನೋಡಬೇಡ ಕಣೇ, ಮುಂದೆ ನೋಡು, ಮುಂದೆ!” ಎಂದು ಇಡೀ ಶಾಲೆಗೆ ಕೇಳುವಂತೆ ಕಿರುಚಿದ್ದಳು. ಇವಳು ಬಿದ್ದಾಗ ಗೋಲಿಯೇ ಮೊದಲು ಅತ್ತಿದ್ದಳು. ಅಂಥವಳಿಗೆ ಈಗ ಆತುರಗೇಡಿ ಅನ್ನುವ ಪಟ್ಟ ಕಟ್ಟಿ, ಮೇಲೆ ಹೂವಿಟ್ಟು, ಬಿಸ್ಕತ್ತು ತಿಂದು ಮನೆಗೆ ಹೋಗುತ್ತಾರೆ ಇವರೆಲ್ಲಾ.

ವೇದಿಕೆಯಲ್ಲಿ ಹೆಡ್‌ಮಾಸ್ಟರನ ದನಿ ಏರಿತು. ಅವನು ಆಗ ಇವರ ಕ್ಲಾಸಿನ ಮಾನಿಟರ್. ಹಳಬರ ಬಾಯಲ್ಲಿ ಇವತ್ತಿಗೂ ಮಾನಿಟರೇ. ದೀಪದ ಕಂಬದಂಥ ಆಳು. ಸಾಲಿನಲ್ಲಿ ಯಾವಾಗಲೂ ಕೊನೆಗೆ ನಿಲ್ಲುತ್ತಿದ್ದವನು. ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯುವಾಗ ಯಾರು ಮಾತಾಡಲಿ ಬಿಡಲಿ ಗೋಲಿಯ ಹೆಸರನ್ನೇ ಮೊದಲು ಬರೆಯುತ್ತಿದ್ದ.

“ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ ಆ ಕೊನೇ ಚಿತ್ರ,” ಎಂದ ಅವನು. ಭಾಷಣದ ಕಾವು ಅವನನ್ನೇ ಹಿಡಿದಿತ್ತು. “ಹೆಬ್ಬೆರಳಿಗೆ ನೀಲಿ ಬಟ್ಟೆ ಸುತ್ತಿಕೊಂಡಿದ್ದಳು. ನೋವಿತ್ತೋ ಏನೋ. ಆದರೂ ಆ ಹೆಬ್ಬೆರಳನ್ನೇ ಎತ್ತಿ ತೋರಿಸಿ, ಎಲ್ಲಾ ಸರಿಹೋಗುತ್ತೆ ಮಾನಿಟರ್, ಅಂದಳು. ಅದು ನಮ್ಮ ಗೋಲಿ!”

ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಕೆಲವರು ತಟ್ಟಿದರು.

ಇನ್ಸ್‌ಪೆಕ್ಟರಳ ಇನ್ನೊಂದು ಪಕ್ಕದಲ್ಲಿ ಕೂತಿದ್ದ ಗೋಲಿಯ ತಂಗಿ ಅವಳ ಮಣಿಕಟ್ಟನ್ನು ಉಗುರು ನಾಟುವಂತೆ ಹಿಡಿದಳು.

“ಪೊಲೀಸಕ್ಕ,” ಎಂದಳು. “ಆಚೆ ಬನ್ನಿ.”

*

ಕಾರಿಡಾರಿನಲ್ಲಿ ಮಧ್ಯಾಹ್ನದ ಬಿಸಿಲು ಕಂಬಗಳ ನಡುವೆ ಬಿದ್ದಿತ್ತು. ಯಾವುದೋ ಕ್ಲಾಸಿನಲ್ಲಿ ಮಕ್ಕಳು ಒಟ್ಟಿಗೆ ಮಗ್ಗಿ ಹೇಳುತ್ತಿದ್ದರು.

ತಂಗಿ ಅಕ್ಕನ ಡ್ರೈವಿಂಗ್ ಸ್ಕೂಲಿನಲ್ಲೇ ಆಫೀಸು ನೋಡಿಕೊಳ್ಳುತ್ತಿದ್ದವಳು. ಇಬ್ಬರೂ ಒಂದೇ ಮನೆಯಲ್ಲಿದ್ದರು.

“ಆ ನೀಲಿ ಬಟ್ಟೆ ನನ್ನ ಕರ್ಚೀಫು ಪೊಲೀಸಕ್ಕ. ಅವತ್ತು ಬೆಳಿಗ್ಗೆ ಟೊಮೆಟೊ ಹೆಚ್ಚೋವಾಗ ಅಕ್ಕ ಬೆರಳು ಕೊಯ್ದುಕೊಂಡಳು. ಮನೇಲಿ ಬ್ಯಾಂಡೇಜ್ ಇರಲಿಲ್ಲ. ನಾನೇ ಹರಿದು ಕಟ್ಟಿದೆ. ಗಂಟು ಬಿಗಿಯಾಯ್ತು ಅಂತ ಬೈಸಿಕೊಂಡೆ. ಹಾಗೇ ಕಾರು ತಗೊಂಡು ಹೊರಟಳು.”

“ಅವತ್ತು ಅಂದ್ರೆ…”

“ಸತ್ತ ದಿನ.”

ಆ ನೀಲಿ ಚೂರನ್ನು ಇನ್ಸ್‌ಪೆಕ್ಟರ್ ಬಲ್ಲಳು. ಶವಪರೀಕ್ಷೆ ಮಾಡಿದ ಡಾಕ್ಟರು ಬಿಚ್ಚಿ, ಕವರಿಗೆ ಹಾಕಿ, ಸೀಲು ಮಾಡಿ ಕಳಿಸಿದ್ದರು. ಅದು ಅವಳದೇ ಸ್ಟೇಷನ್ನಿನ ಬೀರುವಿನಲ್ಲಿತ್ತು.

“ಮನೆ ಬಿಟ್ಟ ಮೇಲೆ ಬೇರೆ ಎಲ್ಲಾದ್ರೂ ಹೋಗಿದ್ದಳಾ? ಅಂಗಡಿ, ಪೆಟ್ರೋಲ್ ಬಂಕು?”

“ಇಲ್ಲ. ನೇರ ಇಳಿಜಾರಿನ ರಸ್ತೆಗೆ. ಮೊದಲನೇ ಪಾಠಕ್ಕೆ ಬರೋ ಹುಡುಗಿ ಅಲ್ಲಿಗೇ ಬರ್ತಾಳೆ. ಅವಳು ಬಂದು ನೋಡಿದಾಗ ಅಕ್ಕ ಆಗಲೇ…” ತಂಗಿ ಗೋಡೆಗೆ ಒರಗಿದಳು. “ಆ ಹೆಡ್‌ಮಾಸ್ಟರ್ ನಮ್ಮಕ್ಕನ್ನ ನೋಡಿ ತಿಂಗಳಾಯ್ತು ಅಂತ ನಿಮ್ಮ ಪೇದೆ ಹತ್ರ ಹೇಳಿದ್ದನಲ್ಲ!”

ಹೌದು, ಹೇಳಿದ್ದ. ಆಗ ಅದು ದೊಡ್ಡ ಮಾತು ಅನ್ನಿಸಿರಲಿಲ್ಲ.

ಬೆಳಿಗ್ಗೆಯಷ್ಟೇ ಇನ್ಸ್‌ಪೆಕ್ಟರ್ ಸ್ಟೇಷನ್ನಿನ ಹಿತ್ತಲಿನಲ್ಲಿ ನಿಲ್ಲಿಸಿದ್ದ ಆ ಕಾರಿನ ಒಳಗೆ ಕೂತು ಬಂದಿದ್ದಳು. ಡ್ರೈವರ್ ಸೀಟು ಕೊನೆಯವರೆಗೂ ಹಿಂದಕ್ಕೆ ಸರಿದಿತ್ತು. ಇವಳ ಕಾಲೇ ಬ್ರೇಕಿಗೆ ಸರಿಯಾಗಿ ಎಟಕಲಿಲ್ಲ. ಇನ್ನು ಗೋಲಿಯ ಕಾಲು ಎಲ್ಲಿ ಎಟಕೀತು? ಗೋಲಿ ಕೂರುತ್ತಿದ್ದ ದಪ್ಪನೆಯ ದಿಂಬು ಹಿಂದಿನ ಸೀಟಿನಲ್ಲಿ ನೆಟ್ಟಗೆ ಇಟ್ಟಿತ್ತು. ಎಸೆದದ್ದಲ್ಲ, ಬಿದ್ದದ್ದಲ್ಲ. ಯಾರಿಗೋ ಜಾಗ ಬಿಟ್ಟುಕೊಡುವಾಗ ತೆಗೆದಿಟ್ಟ ಹಾಗೆ.

ಯಾರೋ ಎತ್ತರದವನನ್ನು ಅವಳೇ ಕೂರಿಸಿದ್ದಳು. ಪರಿಚಯದವನನ್ನು.

“ನೀನು ಇಲ್ಲೇ ಇರು,” ಎಂದಳು ಇನ್ಸ್‌ಪೆಕ್ಟರ್. “ಯಾರ ಹತ್ರಾನೂ ಬಾಯಿ ಬಿಡಬೇಡ.”

“ಪೊಲೀಸಕ್ಕ, ಅವನನ್ನ ಸುಮ್ಮನೆ ಬಿಡಬೇಡಿ.”

“ಬಿಡೋಕೆ ಬಂದಿಲ್ಲ ನಾನು.”

*

ಹೆಡ್‌ಮಾಸ್ಟರನ ಕೋಣೆಯಲ್ಲಿ ಟ್ರೋಫಿಗಳ ಗಾಜಿನ ಬೀರು, ಒಂದು ಸೊಟ್ಟ ಭೂಗೋಳ, ಧೂಳು ಹಿಡಿದ ಪ್ಲಾಸ್ಟಿಕ್ ಹೂವು. ಕಿಟಕಿಯಿಂದ ಮೈದಾನ ಕಾಣುತ್ತಿತ್ತು. ಬೇಲಿಯ ಪಕ್ಕದಲ್ಲಿ ಶಾಲೆಯ ಹಳದಿ ಬಸ್ಸು ನಿಂತಿತ್ತು.

“ಬಾರೇ ಮೆಣಸಿನಕಾಯಿ, ಕೂತ್ಕೋ,” ಎಂದ ಮಾನಿಟರ್. ಶಾಲೆಯಲ್ಲಿ ಇವಳ ಮೂಗಿನ ತುದಿಯ ಕೋಪಕ್ಕೆ ಬಿದ್ದಿದ್ದ ಹೆಸರು ಅದು. “ಕಾಫಿ ತರಿಸ್ಲಾ?”

“ಬಾಗಿಲು ಹಾಕು.”

“ಯಾಕೇ, ಏನಾಯ್ತು?”

ಅವಳೇ ಬಾಗಿಲು ಹಾಕಿ ಬಂದು, ಕೂರದೆ, ಮೇಜಿನ ಎದುರು ನಿಂತಳು.

“ಭಾಷಣ ಚೆನ್ನಾಗಿತ್ತು.”

“ಏನೋ, ಮನಸ್ಸಿಗೆ ಬಂದದ್ದು ಆಡಿದೆ.”

“ನೀಲಿ ಬಟ್ಟೇನೂ ಮನಸ್ಸಿಗೆ ಬಂದದ್ದೇನಾ?”

“ಯಾವ ನೀಲಿ ಬಟ್ಟೆ?”

“ಹೆಬ್ಬೆರಳಿಗೆ ಸುತ್ತಿಕೊಂಡಿದ್ದಳು ಅಂದ್ಯಲ್ಲ. ಯಾವತ್ತು ನೋಡಿದೆ?”

ಮಾನಿಟರ್ ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಹಾಕಿದ. “ನಮ್ಮ ಬಸ್ ಡ್ರೈವರಿಗೆ ಟ್ರೇನಿಂಗ್ ಕೊಡೋಕೆ ಬಂದಿದ್ದಳಲ್ಲ, ಹೋದ ತಿಂಗಳು. ಆವಾಗ.”

“ಬೆರಳು ಕೊಯ್ದುಕೊಂಡದ್ದು ಸತ್ತ ದಿನ ಬೆಳಿಗ್ಗೆ.”

“ಹಾಗಾದ್ರೆ ಆಸ್ಪತ್ರೇಲಿ ನೋಡಿರಬೇಕು.”

“ನೀನು ಆಸ್ಪತ್ರೆ ಕಡೆ ತಲೆ ಹಾಕಿರಲಿಲ್ಲ.”

“ಮಣ್ಣು ಮಾಡೋವಾಗ…”

“ಕತ್ತಿನವರೆಗೂ ಬಟ್ಟೆ ಹೊದಿಸಿತ್ತು. ಪಕ್ಕದಲ್ಲೇ ನಿಂತಿದ್ದೆ ನಾನು. ಅಷ್ಟು ಹೊತ್ತಿಗೆ ಆ ನೀಲಿ ಬಟ್ಟೆ ಅವಳ ಕೈಮೇಲೂ ಇರಲಿಲ್ಲ. ಈಗ ಹೇಳು, ಇನ್ನೆಲ್ಲಿ ನೋಡಿದೆ?”

ಅವನ ಮುಖ ಕಪ್ಪಿಟ್ಟಿತು. ಕುರ್ಚಿಯಲ್ಲಿ ನೆಟ್ಟಗಾದ. ಸಲಿಗೆಯ ಮಾತು ಬಾಯಿಂದ ಜಾರಿಹೋಯಿತು.

“ಇನ್ಸ್‌ಪೆಕ್ಟರ್ ಮೇಡಮ್, ನೀವು ನನ್ನನ್ನ ವಿಚಾರಣೆ ಮಾಡ್ತಿದೀರೇನು?”

“ಹೌದು ಹೆಡ್‌ಮಾಸ್ಟರೇ. ವಿಚಾರಣೇನೇ.”

“ಕೇಸು ಮುಗಿದಿದೆ. ನಿಮ್ಮ ಸಾಹೇಬರ ಮೊಮ್ಮಗಳು ನಮ್ಮ ಶಾಲೇಲೇ ಓದ್ತಾ ಇದಾಳೆ. ಒಂದು ಫೋನ್ ಮಾಡಿದ್ರೆ…”

“ಮಾಡಿ.” ಅವಳು ಮೇಜಿನ ಮೇಲಿದ್ದ ಫೋನನ್ನು ಅವನ ಕಡೆ ತಳ್ಳಿದಳು. “ಮೊಮ್ಮಗಳು ಬಸ್ಸಲ್ಲಿ ಬರ್ತಾಳಾ ಕೇಳಿ. ಬಸ್ಸು ಓಡಿಸೋನಿಗೆ ಕಣ್ಣು ಕಾಣಲ್ಲ ಅಂತ ಗೋಲಿ ನಿಮಗೆ ಹೇಳಿದ್ದಳು ಅನ್ನೋದನ್ನೂ ಸಾಹೇಬರಿಗೆ ಹೇಳಿ. ಮಾಡಿ ಫೋನು!”

ಅವನ ಕೈ ಫೋನಿನವರೆಗೂ ಹೋಗಿ ನಿಂತಿತು.

ಬಸ್ಸು ಓಡಿಸುತ್ತಿದ್ದವನು ಅವನ ಬಾಮೈದ, ಹೆಂಡತಿಯ ಒಬ್ಬನೇ ತಮ್ಮ. ಟ್ರೇನಿಂಗ್ ದಿನ ಗೋಲಿ ಅವನ ಪಕ್ಕದಲ್ಲಿ ಕೂತು ಊರೆಲ್ಲಾ ಸುತ್ತಿಸಿದ್ದಳು. ಪಕ್ಕದಿಂದ ಅಡ್ಡ ಬಂದ ಸೈಕಲ್ಲು ಅವನಿಗೆ ಕಂಡಿರಲಿಲ್ಲ. ಗೋಲಿ ಸ್ಟೀರಿಂಗ್ ಎಳೆಯದಿದ್ದರೆ ಸೈಕಲ್ಲಿನವನು ಉಳಿಯುತ್ತಿರಲಿಲ್ಲ. ಬದಿಗೆ ನಿಲ್ಲಿಸಿ ಕೇಳಿದಾಗ ಅವನು ಅತ್ತುಬಿಟ್ಟಿದ್ದನಂತೆ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ, ಒಂದೊಂದು ಸಲ ಕಣ್ಣೊಳಗೆ ಮಸಿ ಸುರಿದ ಹಾಗಾಗುತ್ತದೆ, ಆಮೇಲೆ ತಿಳಿಯಾಗುತ್ತದೆ ಎಂದಿದ್ದನಂತೆ. ಇದನ್ನೆಲ್ಲಾ ಗೋಲಿ ಹೆಡ್‌ಮಾಸ್ಟರಿಗೆ ತಿಳಿಸಿ, ಮನೆಗೆ ಬಂದು ತಂಗಿಯ ಹತ್ತಿರವೂ ಹೇಳಿದ್ದಳು. ಗೋಲಿ ಸತ್ತ ಮೇಲೆ, ತಂಗಿಯಿಂದ ಕೇಳಿದ ದಿನವೇ ಇನ್ಸ್‌ಪೆಕ್ಟರ್ ಹೆಡ್‌ಮಾಸ್ಟರಿಗೆ ಫೋನ್ ಮಾಡಿ, ಆ ಮನುಷ್ಯ ಇನ್ನು ಬಸ್ಸು ಮುಟ್ಟಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದಳು.

“ಅವನ ಕಣ್ಣು ಹದ್ದಿನ ಕಣ್ಣು,” ಎಂದ ಮಾನಿಟರ್ ಈಗ. “ಎಷ್ಟು ವರ್ಷದಿಂದ ಓಡಿಸ್ತಿದಾನೆ! ಗೋಲಿ ಯಾವಾಗಲೂ ಇಲ್ಲದ್ದನ್ನ ದೊಡ್ಡದು ಮಾಡ್ತಿದ್ದಳು. ಆದರೂ ನೀನು ಹೇಳಿದ ಮೇಲೆ ಅವನನ್ನ ಬಿಡಿಸಿದೀನಿ. ಇವತ್ತಿನಿಂದ ಹೊಸಬ ಬಂದಿದಾನೆ. ಇನ್ನೇನು ಮಾಡಲಿ?”

“ಗೋಲಿ ಹೇಳಿದಾಗ ಯಾಕೆ ಬಿಡಿಸಲಿಲ್ಲ? ಅವಳು ಸತ್ತ ಮೇಲೇ ಬಿಡಿಸಬೇಕಾಯ್ತಾ?”

“ಅವಳ ಸಾವಿಗೂ ಇದಕ್ಕೂ ಏನೇ ಸಂಬಂಧ?”

“ಅವಳ ಕಾರಿನ ಸೀಟು ಹಿಂದಕ್ಕೆ ಸರಿದಿತ್ತು. ನಿನ್ನಂಥ ದೀಪದ ಕಂಬ ಕೂರೋ ಅಷ್ಟು.”

“ಅದು ಡ್ರೈವಿಂಗ್ ಸ್ಕೂಲ್ ಕಾರು ಮಾರಾಯ್ತಿ! ದಿನಾ ಯಾರ್ಯಾರೋ ಕೂರ್ತಾರೆ.”

“ಅವತ್ತು ಯಾರೂ ಕೂತಿರಲಿಲ್ಲ. ಮನೆಯಿಂದ ಅಲ್ಲಿಗೆ ಕಾರು ತಂದವಳು ಅವಳು. ಮೊದಲನೇ ಪಾಠದ ಹುಡುಗಿ ಬಂದಾಗ ಅವಳು ಹೆಣವಾಗಿದ್ದಳು. ನಡುವೆ ಒಬ್ಬ ಕೂತಿದ್ದ.”

“ನನಗೆ ಡ್ರೈವಿಂಗೇ ಬರಲ್ಲ! ಊರಿಗೆಲ್ಲಾ ಗೊತ್ತು ಅದು.”

“ಬರದವರೇ ಅಲ್ವೇನೋ ಅವಳ ಕಾರಲ್ಲಿ ಆ ಸೀಟಿಗೆ ಕೂರೋದು!”

ಕೂಗಿದ ರಭಸಕ್ಕೆ ಟ್ರೋಫಿಯ ಗಾಜು ಝಲ್ ಅಂದಿತು. ಪಕ್ಕದ ಕ್ಲಾಸಿನ ಮಗ್ಗಿ ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು.

ಮಾನಿಟರ್ ಎರಡೂ ಅಂಗೈಗಳಿಂದ ಮುಖ ಉಜ್ಜಿಕೊಂಡ. ಮೈಕಿನಲ್ಲಿ ಕೇಳಿದ್ದ ದನಿಗೆ ಸಂಬಂಧವೇ ಇಲ್ಲದ ಒಂದು ಸಣ್ಣ ದನಿ ಬಂತು.

“ಹೋಗಿದ್ದೆ.”

ಇನ್ಸ್‌ಪೆಕ್ಟರ್ ಫೋನನ್ನು ಪಕ್ಕಕ್ಕೆ ಸರಿಸಿದಳು.

“ಮಾರನೇ ದಿನ ಗೇಟಿನ ಹತ್ರ ನಿಂತು ಬಂದ ಬಂದ ಅಪ್ಪ ಅಮ್ಮಂದಿರಿಗೆಲ್ಲಾ ಹೇಳ್ತೀನಿ ಅಂದಿದ್ದಳು. ಒಂದು ವಾರ ತಡಿ, ನಾನೇ ಏನಾದ್ರೂ ಮಾಡ್ತೀನಿ ಅಂತ ಕೇಳಿಕೊಳ್ಳೋಕೆ ಹೋಗಿದ್ದೆ. ಕೈ ಮುಗಿದೆ ಕಣೇ. ಅವಳು ದಿಂಬು ತೆಗೆದು ಹಿಂದಿಟ್ಟು, ಇಲ್ಲಿ ಕೂತ್ಕೊಂಡು ಮಾತಾಡು ಅಂದಳು. ಕೂತೆ. ಸ್ಟೀರಿಂಗ್ ಹಿಡ್ಕೋ ಅಂದಳು. ಹಿಡ್ಕೊಂಡೆ. ಈಗ ಹಿಂದೆ ಬಸ್ಸಿನ ತುಂಬಾ ಮಕ್ಕಳಿದಾರೆ ಅಂತ ತಿಳ್ಕೋ, ಕಣ್ಣು ಮುಚ್ಕೋ ಅಂದಳು.”

“ಮುಚ್ಚಿಕೊಂಡ್ಯಾ?”

“ಇಲ್ಲ. ನನಗೆ ಅವಮಾನ ಆಯ್ತು. ಬಾಗಿಲು ತೆಗೆದು ಇಳಿದುಬಂದೆ. ಹ್ಯಾಂಡ್‌ಬ್ರೇಕ್ ನಾನು ಮುಟ್ಟಲಿಲ್ಲ. ಅವಳು ಮೊದಲೇ ಎಳೆದಿದ್ದಳು. ನಾನು ಹೊರಡೋವಾಗ ಅವಳೂ ಇಳಿದಿದ್ದಳು. ಮುಂದುಗಡೆ ಎಲ್ ಬೋರ್ಡ್ ಕಟ್ಟೋಕೆ ಬಗ್ಗಿದ್ದಳು. ಬದುಕಿದ್ದಳು!”

“ಹೆಬ್ಬೆರಳು ಎತ್ತಿ, ಎಲ್ಲಾ ಸರಿಹೋಗುತ್ತೆ ಅಂದಳಾ?”

ಅವನು ಪೆನ್ನನ್ನು ಮೇಜಿನ ಮೇಲೆ ಅತ್ತಿತ್ತ ಉರುಳಿಸಿದ.

“ಅನ್ನಲಿಲ್ಲ ಅಲ್ವಾ? ಸತ್ತವಳ ಬಾಯಿಗೆ ನಿನಗೆ ಬೇಕಾದ ಮಾತು ತುರುಕಿ ಚಪ್ಪಾಳೆ ಹೊಡೆಸಿಕೊಂಡೆ.” ಅವಳ ದನಿ ಈಗ ತಗ್ಗಿತ್ತು, ಕೂಗುವುದಕ್ಕಿಂತ ಅದು ಕೆಟ್ಟದಾಗಿ ಕೇಳುತ್ತಿತ್ತು. “ಹ್ಯಾಂಡ್‌ಬ್ರೇಕ್ ತಾನಾಗಿ ಇಳಿಯಲ್ಲ. ಇನ್ಯಾರಿದ್ದರು ಅಲ್ಲಿ?”

ಮಾನಿಟರ್ ಕಿಟಕಿಯ ಕಡೆ ನೋಡಿದ. ಮೇಜಿನ ಕಡೆ ನೋಡಿದ.

“ನನ್ನ ಬಾಮೈದ. ನನ್ನ ಜೊತೇಲೇ ಬಂದಿದ್ದ. ದೂರ ನಿಂತಿದ್ದ. ನೀವು ಹೋಗಿ ಭಾವ, ನಾನೊಬ್ಬನೇ ಕೇಳಿಕೊಳ್ತೀನಿ, ಹೆಂಗಸರ ಮನಸ್ಸು ಕರಗುತ್ತೆ ಅಂದ. ಅವನನ್ನ ಅಲ್ಲೇ ಬಿಟ್ಟು ಬಂದೆ.”

“ಆಮೇಲೆ?”

“ಆಮೇಲೆ ಸುದ್ದಿ ಬಂತು.”

“ಅವನನ್ನ ಕೇಳಲಿಲ್ವಾ?”

“ಏನಂತ ಕೇಳಲಿ? ಮನೇಲಿ ಹೆಂಡತಿಗೆ ತಮ್ಮ ಅಂದ್ರೆ ಪ್ರಾಣ. ಕೇಳಿದ್ರೆ ಅವನು ಹೌದು ಅಂದುಬಿಟ್ರೆ? ಹೆಂಡತಿ ಮುಖ ನೋಡಿ ಬಾಯಿಗೆ ಬೀಗ ಹಾಕಿಕೊಂಡೆ.”

“ಆದರೆ ಬಸ್ಸಿಗೆ ಬೀಗ ಹಾಕಲಿಲ್ಲ.” ಇನ್ಸ್‌ಪೆಕ್ಟರ್ ಮೇಜಿನ ಮೇಲೆ ಎರಡೂ ಕೈ ಊರಿ ಬಗ್ಗಿದಳು. “ಗೋಲಿಯನ್ನ ಅವನೇ ಕೊಂದಿರಬಹುದು ಅಂತ ನಿನ್ನ ಮನಸ್ಸಿಗೆ ಬಂದಿತ್ತು. ಅವನಿಗೆ ಕಣ್ಣು ಕಾಣಲ್ಲ ಅಂತಾನೂ ಕಿವಿಗೆ ಬಿದ್ದಿತ್ತು. ಹಾಗಿದ್ದೂ ಮಾರನೇ ದಿನ ಬೆಳಿಗ್ಗೆ ಅದೇ ಕೈಗೆ ಬಸ್ಸು ಕೊಟ್ಟೆ. ಊರವರ ಮಕ್ಕಳನ್ನ ತುಂಬಿ ಕೊಟ್ಟೆ. ಇಷ್ಟು ದಿನ! ನಾನು ಫೋನ್ ಮಾಡಿ ಗದರಿಸೋವರೆಗೂ! ನೀನು ಮನುಷ್ಯನೇನೋ?”

“ಏನೂ ಆಗಲಿಲ್ಲವಲ್ಲ…”

“ಗೋಲಿಗೆ ಆಯ್ತಲ್ಲೋ!”

ಆಗ ಕೊನೆಯ ಗಂಟೆ ಹೊಡೆಯಿತು. ಕಾರಿಡಾರಿನಲ್ಲಿ ಮಕ್ಕಳ ಗದ್ದಲ ಒಮ್ಮೆಗೇ ಒಡೆದು ಹರಿಯಿತು. ಬೆಂಚುಗಳು ಕಿರುಗುಟ್ಟಿದವು, ಚಪ್ಪಲಿ ಬೂಟುಗಳು ದಬದಬ ಅಂದವು, ಯಾರೋ ಯಾರನ್ನೋ ಕೂಗಿ ಬೈದರು. ಆ ಗದ್ದಲವೆಲ್ಲಾ ಮೈದಾನಕ್ಕೆ ಇಳಿದು ತಣ್ಣಗಾಗುವವರೆಗೂ ಕಾದು, ಇನ್ಸ್‌ಪೆಕ್ಟರ್ ನೆಟ್ಟಗೆ ನಿಂತು, ಬೆಲ್ಟು ಸರಿಮಾಡಿಕೊಂಡಳು.

“ಏಳು. ಸ್ಟೇಷನ್ನಿಗೆ ಬಂದು ಇದೇ ಮಾತನ್ನ ಬರೆಸು. ನಿನ್ನ ಬಾಮೈದ ಎಲ್ಲಿದಾನೆ ಈಗ?”

“ಮನೇಲಿರಬೇಕು. ಬೆಳಿಗ್ಗೆ ಬಂದಿದ್ದ. ಹೊಸಬ ಬಂದಿದಾನೆ, ನೀನು ಇನ್ನು ಬರಬೇಡ ಅಂದೆ. ಒಂದೂ ಮಾತಾಡದೆ ಹೋದ.”

“ವಿಳಾಸ ಹೇಳು.”

ಅವನು ಹೇಳುವ ಮೊದಲೇ ಯಾರೋ ಬಾಗಿಲು ತಟ್ಟಿದರು. ಖಾಕಿ ಅಂಗಿ ತೊಟ್ಟ, ಮೀಸೆ ಇನ್ನೂ ಸರಿಯಾಗಿ ಹುಟ್ಟದ ಒಬ್ಬ ಯುವಕ ತಲೆ ಇಣುಕಿಸಿದ. ಇನ್ಸ್‌ಪೆಕ್ಟರಳ ಯೂನಿಫಾರ್ಮ್ ನೋಡಿ ಗಲಿಬಿಲಿಗೊಂಡ.

“ಸಾರ್, ನಾನು… ಹೊಸ ಡ್ರೈವರು.”

“ಏನಯ್ಯಾ? ಹೊರಡೋ ಹೊತ್ತಲ್ವಾ?”

“ಅದೇ ಸಾರ್. ಆಫೀಸಿನ ಮೊಳೇಲಿ ಬೀಗದಕೈ ಇರಲಿಲ್ಲ. ಯಾರ ಹತ್ರ ಇದೆ ಅಂತ ಕೇಳ್ಕೊಂಡು ಆಫೀಸೆಲ್ಲಾ ಸುತ್ತಿ ಬರೋ ಅಷ್ಟರಲ್ಲಿ ಬಸ್ಸೂ ಇಲ್ಲ ಸಾರ್. ಬೇರೆ ಯಾರನ್ನಾದ್ರೂ ಕಳಿಸಿದ್ರಾ?”

ಇನ್ಸ್‌ಪೆಕ್ಟರ್ ಕಿಟಕಿಯತ್ತ ಧಾವಿಸಿದಳು. ಬೇಲಿಯ ಪಕ್ಕದ ಜಾಗ ಖಾಲಿಯಾಗಿತ್ತು. ಗೇಟಿನ ಆಚೆ ಇನ್ನೂ ಕೂರದ ಧೂಳು.

*

ಜೀಪು ಗೇಟು ದಾಟುವಾಗ ಹಿಂದಿನ ಸೀಟಿನಲ್ಲಿ ಮಾನಿಟರ್ ಬಿಳಿಚಿಕೊಂಡು ಕೂತಿದ್ದ. ಇನ್ಸ್‌ಪೆಕ್ಟರ್ ಅವನ ರಟ್ಟೆ ಹಿಡಿದು ಮೆಟ್ಟಿಲಿಳಿಸಿಕೊಂಡು ಬಂದಿದ್ದಳು. ಹಾಲಿನ ಬಾಗಿಲಲ್ಲಿ ನಿಂತಿದ್ದ ಹಳೇ ಸಹಪಾಠಿಗಳು ಕೈಯಲ್ಲಿ ಹಿಡಿದಿದ್ದ ಬಿಸ್ಕತ್ತು ಮರೆತು ನೋಡುತ್ತಿದ್ದರು.

“ಬಸ್ಸಲ್ಲಿ ಮಕ್ಕಳ ಜೊತೆ ಇನ್ಯಾರಿರ್ತಾರೆ?”

“ಆಯಾ ಇರ್ತಾಳೆ.”

“ಫೋನ್ ಮಾಡು. ಎಲ್ಲರಿಗೂ ಕೇಳೋ ಹಾಗೆ ಹಾಕು.”

ಅವನ ಬೆರಳು ಎರಡು ಸಲ ತಪ್ಪಿತು. ಮೂರನೇ ಸಲ ರಿಂಗ್ ಆಯಿತು. ಆ ಕಡೆಯಿಂದ ಮೊದಲು ಕೇಳಿದ್ದು ಮಕ್ಕಳ ಹಾಡು, ಆಮೇಲೆ ಆಯಾಳ ದೊಡ್ಡ ಗಂಟಲು.

“ಹೇಳಿ ಸಾರ್! ಕೂತ್ಕೊಳ್ರೋ, ಕಿಟಕಿಯಿಂದ ಕೈ ಒಳಗೆ ತಗೊಳ್ಳಿ! ಹೇಳಿ ಸಾರ್.”

“ಆಯಮ್ಮ, ನಾನು ಪೊಲೀಸ್ ಇನ್ಸ್‌ಪೆಕ್ಟರ್,” ಎಂದಳು ಅವಳು ಆದಷ್ಟು ಸಮಾಧಾನವಾಗಿ. “ಗಾಬರಿ ಆಗಬೇಡಿ. ಬಸ್ಸು ಯಾರು ಓಡಿಸ್ತಿದಾರೆ?”

“ನಮ್ಮ ಡ್ರೈವರಪ್ಪಾನೇ ಅಮ್ಮ. ಇನ್ಯಾರು?”

“ಈಗ ಎಲ್ಲಿದೀರಿ?”

“ದಿಬ್ಬ ಹತ್ತಿ ಆಯ್ತು. ಇನ್ನು ಸೇತುವೆ ಕಡೆ ಇಳೀಬೇಕು.”

“ಅವರಿಗೆ ಹೇಳಿ, ಬದಿಗೆ ನಿಲ್ಲಿಸಬೇಕಂತೆ. ಈಗಲೇ.”

ಆ ಕಡೆ ಗುಸುಗುಸು. ಹಾಡು ಮುಂದುವರಿದಿತ್ತು. ಜೀಪಿನ ಪೇದೆ ಹೇಳಿಸಿಕೊಳ್ಳದೆ ಆಕ್ಸಿಲರೇಟರ್ ಒತ್ತಿದ. ಆಮೇಲೆ ಒಂದು ಗಂಡು ದನಿ, ದಣಿದದ್ದು, ಸೌಮ್ಯವಾದದ್ದು.

“ನಿಲ್ಲಿಸ್ತೀನಿ ಮೇಡಮ್. ಕೆಳಗೆ ಸೇತುವೆ ಹತ್ರ ಜಾಗ ಇದೆ, ಅಲ್ಲಿ ನಿಲ್ಲಿಸ್ತೀನಿ. ಇಲ್ಲಿ ಇಳಿಜಾರು. ಮಕ್ಕಳಿಗೆ ಒಂದು ಸಲ ಹೋಗಿಬರ್ತೀನಿ ಅಂತ ಹೇಳದೆ ಬಿಡೋಕೆ ಮನಸ್ಸಾಗಲಿಲ್ಲ, ಅದಕ್ಕೇ ಬಂದೆ. ನನ್ನನ್ನ ಯಾಕೆ ಹುಡುಕ್ತಿದೀರಿ ಅಂತ ಗೊತ್ತು. ಭಾವ ಪಕ್ಕದಲ್ಲಿದಾರಾ?”

“ಇದಾನೆ.”

“ಅವರೂ ಕೇಳಲಿ. ಅವತ್ತು ಗೋಲಿ ಅಮ್ಮನವರ ಹತ್ರ ನಾನು ಒಂದು ಮಾತೂ ಆಡಿಲ್ಲ ಮೇಡಮ್. ಆಡೋಕೆ ಆಗಲೇ ಇಲ್ಲ. ನಾನು ಹತ್ರ ಬರೋ ಹೊತ್ತಿಗೆ ಕಾರು ಉರುಳ್ತಾ ಇತ್ತು. ಭಾವ ಒಳಗೇ ಕೂತಿದ್ದರು. ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡ್ಕೊಂಡಿದ್ದರು.”

ಇನ್ಸ್‌ಪೆಕ್ಟರ್ ಹಿಂದಕ್ಕೆ ತಿರುಗಿದಳು.

“ಸುಳ್ಳು!” ಮಾನಿಟರ್ ಅರಚಿದ. “ಅವನ ಮಾತು ನಂಬ್ತೀಯೇನೇ? ಅವನು ಏನು ನೋಡಿರ್ತಾನೆ? ಅವನಿಗೆ ಒಂದು ಮಾರು ದೂರದ್ದು ಕಾಣಲ್ಲ! ಡಾಕ್ಟರು ಗಾಡಿ ಮುಟ್ಟಲೇಬೇಡ ಅಂತ ಹೇಳಿ ವರ್ಷ ಆಯ್ತು, ನಾನೇ ಜೊತೇಲಿ ಹೋಗಿದ್ದೆ! ಕುರುಡನ ಸಾಕ್ಷಿ ತಗೊಂಡು ನನ್ನನ್ನ…”

ತಾನು ಆಡಿದ್ದು ತನ್ನ ಕಿವಿಗೇ ಬಿದ್ದು ಅವನ ಬಾಯಿ ತೆರೆದ ಹಾಗೇ ಉಳಿಯಿತು.

ಇನ್ಸ್‌ಪೆಕ್ಟರ್ ಕೈ ಎತ್ತಿದಳು. ಅವನ ಕೆನ್ನೆಗೆ ಹೋಗಬೇಕಿದ್ದ ಆ ಕೈ ಅರ್ಧದಲ್ಲೇ ನಿಂತಿತು, ಯಾಕೆಂದರೆ ಫೋನಿನಲ್ಲಿ ದನಿ ಬದಲಾಗಿತ್ತು. ಬಾಮೈದ ಈಗ ಇವರ ಜೊತೆ ಮಾತಾಡುತ್ತಿರಲಿಲ್ಲ. ಮಕ್ಕಳ ಹಾಡಿನ ನಡುವೆ, ಎಳೆಯರಿಗೆ ಕೇಳಿಸಬಾರದೆಂದು ತಗ್ಗಿಸಿದ ಆ ದನಿ ಪಕ್ಕದಲ್ಲಿದ್ದ ಹೆಂಗಸನ್ನು ಕೇಳುತ್ತಿತ್ತು.

“ಆಯಮ್ಮ… ನಮ್ಮ ಎದುರಿಗೆ ರಸ್ತೆ ಇದೆಯಾ?”